ಬೋಟ್ ಒಂದೇ, ಮೀಟರ್ ಒಂದೇ: ಹೋದ ವಾರ ಪಾಸ್, ಈ ವಾರ ಫೇಲ್ ಯಾಕೆ?

[ಕೆರೆ ಏರಿ. ಹಿಂದೆ ದೂರದಲ್ಲಿ ನಂದಿ ಬೆಟ್ಟ. ಕೈಯಲ್ಲಿ ಸೌಂಡ್ ಮೀಟರ್.]

ನಮಸ್ಕಾರ, ಚಿಕ್ಕಬಳ್ಳಾಪುರದಿಂದ. ಎಚ್.ಎನ್. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕಳಿಸುವ ನೀರು, ಬಂದ ಮೇಲೆ ನಮ್ಮ ಕಡೆ ಕೆರೆಗಳಲ್ಲಿ ನೀರು ಕಾಣುತ್ತಿದೆ. ಅದಕ್ಕೇ ಭಾನುವಾರ ನಾವು ಐದಾರು ಜನ ರಿಮೋಟ್ ಬೋಟ್ ಹೊತ್ತುಕೊಂಡು ರೇಸಿಗೆ ಅಂತ ಏರಿ ಮೇಲೆ ಸೇರುತ್ತೇವೆ. ಎಂಜಿನ್ ಬೋಟ್‌ಗಳಿಗೆ ನಮ್ಮದೇ ಒಂದು ರೂಲು: 10 ಮೀಟರ್ ದೂರದಲ್ಲಿ 80 ಡೆಸಿಬಲ್ ದಾಟಬಾರದು.

ಹೋದ ವಾರ ಗೆಳೆಯನ ಬೋಟ್ 79 ತೋರಿಸಿತು. ಪಾಸ್. ಈ ವಾರ ಅದೇ ಬೋಟ್, ಅದೇ ಎಂಜಿನ್, ಅದೇ ಸೈಲೆನ್ಸರ್. 82. ಫೇಲ್! "ನನ್ನ ಮೇಲೇ ಕಣ್ಣು ನಿಮಗೆ" ಅಂತ ಅವನು ಬೋಟ್ ಎತ್ತಿಕೊಂಡು ಹೊರಟೇಬಿಟ್ಟ. ನ್ಯಾಯ ಯಾವ ಕಡೆ ಇದೆ ಅಂತ ಹುಡುಕೋಣ ಅಂತಲೇ ಈ ವಿಡಿಯೋ.

ಬರೀ 3 ಡೆಸಿಬಲ್ ತಾನೇ, ಬಿಟ್ಟುಬಿಡಿ ಅಂತೀರಾ? ತಾಳಿ. ಇಲ್ಲಿ ನನಗೆ ತಮಟೆ ಬೇಕು.

[ತಮಟೆ ಕ್ಲಿಪ್]

ತಮಟೆ ಅಂದರೆ ನಮ್ಮ ಜಿಲ್ಲೆಯವರು ಸ್ವಲ್ಪ ಎದೆ ಉಬ್ಬಿಸಿಯೇ ಮಾತಾಡುತ್ತೇವೆ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ತಮಟೆಗೆ. ಜಾತ್ರೆಯಲ್ಲಿ ನೋಡಿರುತ್ತೀರಿ: ಒಂದಿಷ್ಟು ಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮವನ್ನು ಕಾಯಿಸಿ, ಬೆರಳಿಂದ ತಟ್ಟಿ ನೋಡುತ್ತಾರೆ. ಬಿಗಿಯಾಯಿತಾ? ಶುರು.

ಒಂದು ತಮಟೆ 90 ಡೆಸಿಬಲ್ ಅಂತ ಇಟ್ಟುಕೊಳ್ಳಿ. ಅಷ್ಟೇ ಜೋರಿನ ಎರಡನೇ ತಮಟೆ ಸೇರಿದರೆ ಎಷ್ಟು? 180 ಅಲ್ಲ. 93! ಹತ್ತು ತಮಟೆ ಸೇರಿದರೆ 100. ನೂರು ತಮಟೆಗೆ 110. ನೂರು ಜನ ತಮಟೆ ಬಡಿಯುವ ಊರಿಗೆ ನಾನಂತೂ ಹೋಗಲ್ಲ, ಅದು ಬೇರೆ ಮಾತು. ತಮಾಷೆ ಏನಪ್ಪಾ ಅಂದರೆ, ಹತ್ತು ತಮಟೆ ಬಾರಿಸಿದರೂ ನಮ್ಮ ಕಿವಿಗೆ ಒಂದಕ್ಕಿಂತ ಸುಮಾರು ಎರಡರಷ್ಟು ಜೋರು ಅನ್ನಿಸುತ್ತೆ, ಅಷ್ಟೇ. ಅಂದರೆ 3 ಡೆಸಿಬಲ್ ಕಿವಿಗೆ ಸಣ್ಣದು, ಲೆಕ್ಕದಲ್ಲಿ ಇನ್ನೊಂದು ಪೂರ್ತಿ ತಮಟೆ. ಬೋಟ್‌ಗೆ ಹೇಳುವುದಾದರೆ, ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಬೋಟ್ ಓಡಿದ ಹಾಗೆ.

ಹಾಗಾದರೆ ಆ ಎರಡನೇ ಬೋಟ್ ಎಲ್ಲಿಂದ ಬಂತು?

ಹೋದ ವಾರದ ವಿಡಿಯೋ ತಿರುಗಿಸಿ ನೋಡಿದೆ. ಗುರುತಿಗೆ ಅಂತ ಕಟ್ಟಿದ್ದ ಪ್ಲಾಸ್ಟಿಕ್ ಡಬ್ಬ ಗಾಳಿಗೆ ತೇಲಿ ಒಳಗೆ ಹೋಗಿತ್ತು. ಬೋಟ್ ಓಡಿದ್ದು ಮೀಟರ್‌ನಿಂದ ಸುಮಾರು 14 ಮೀಟರ್ ದೂರದಲ್ಲಿ. ಬಯಲಲ್ಲಿ ದೂರ ಎರಡರಷ್ಟಾದರೆ 6 ಡೆಸಿಬಲ್ ಇಳಿಯುತ್ತೆ. ಹತ್ತರಿಂದ ಹದಿನಾಲ್ಕಕ್ಕೆ? ಹೆಚ್ಚುಕಡಿಮೆ 3! ಅಂದರೆ ಈ ವಾರ ಅವನಿಗೆ ಅನ್ಯಾಯ ಆಗಿಲ್ಲ. ಹೋದ ವಾರವೇ ಸುಮ್ನೆ ಪಾಸಾಗಿದ್ದ. ಫೋನ್ ಮಾಡಿ ಹೇಳಿದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ, "ಹಂಗಾದ್ರೆ ಹೋದ ವಾರ ಗೆದ್ದಿದ್ದು?" ಅಂದ. ಅದನ್ನು ಮುಟ್ಟೋದು ಬೇಡ ಅಂದೆ.

ಬೋಟನ್ನು ಸ್ಟ್ಯಾಂಡ್ ಮೇಲಿಟ್ಟು ಅಳೆದುಬಿಟ್ಟರೆ ಆಗಲ್ವಾ ಅಂತ ಕೇಳುತ್ತೀರಿ. ಆಗಲ್ಲ. ನೀರಿಲ್ಲದೆ ಪ್ರೊಪೆಲರ್‌ಗೆ ಭಾರವೇ ಇರುವುದಿಲ್ಲ, ಎಂಜಿನ್ ಬೇರೆಯದೇ ರಾಗ ಹಾಡುತ್ತೆ. ನೀರಲ್ಲಿ, ಪೂರ್ತಿ ಥ್ರಾಟಲ್‌ನಲ್ಲಿ, ಒಂದೊಂದೇ ಬೋಟ್ ಓಡಿಸಿ ಅಳೆಯಬೇಕು.

[ಟೈಮ್ ಆಯಿತು ಅಂತ ಕ್ಯಾಮೆರಾ ಹಿಂದಿನಿಂದ ಸನ್ನೆ]

ಸರಿ ಸರಿ, ಉಳಿದದ್ದು ಬೇಗ ಬೇಗ. ಮೀಟರ್ ಹಿಂದೆ ಗೋಡೆ ಇರಬಾರದು, ಪ್ರತಿಧ್ವನಿ ಸೇರಿಕೊಳ್ಳುತ್ತೆ. ಸುತ್ತಲಿನ ಗಲಾಟೆ ಬೋಟ್‌ಗಿಂತ 10 ಡೆಸಿಬಲ್ ಆದರೂ ಕಡಿಮೆ ಇರಬೇಕು, ಟ್ರ್ಯಾಕ್ಟರ್ ಹೋದರೆ ನಿಲ್ಲಿಸಿ. ಫೋನ್ ಆ್ಯಪ್ ನಂಬಿ ಯಾರನ್ನೂ ಹೊರಗೆ ಹಾಕಬೇಡಿ, ಒಂದು ಫೋನಿಗೂ ಇನ್ನೊಂದಕ್ಕೂ ಲೆಕ್ಕ ಬೇರೆ. ಮೀಟರ್ ತಪ್ಪಿಗೆ ಅಂತ ಒಂದೆರಡು ಡೆಸಿಬಲ್ ಬಿಡಿ, ಎಷ್ಟು ಅಂತ ರೇಸಿಗೆ ಮೊದಲೇ ಹೇಳಿ. ಮೊದಲ ಸಲ ಫೇಲಾದರೆ ಎಚ್ಚರಿಕೆ, ಸೈಲೆನ್ಸರ್ ಸರಿಮಾಡಲು ಟೈಮು, ಮತ್ತೆ ಅಳತೆ. ಅಳೆಯುವವನ ಬೋಟನ್ನು ಇನ್ನೊಬ್ಬ ಅಳೆಯಲಿ. ಹೌದು, ಇದು ನನಗೇ ಹೇಳಿಕೊಂಡಿದ್ದು.

ಇನ್ನೊಂದೇ ಒಂದು. ಬೆಳಗಿನ ಜಾವ ನೀರಿನ ಮೇಲಿನ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇದ್ದರೆ, ಮೇಲೆ ಹೋಗುವ ಸದ್ದು ಬಾಗಿ ಕೆಳಗೇ ಬರುತ್ತೆ. 10 ಮೀಟರ್‌ನಲ್ಲಿರುವ ಮೀಟರ್‌ಗೆ ಇದು ಗೊತ್ತೇ ಆಗಲ್ಲ. ಆಚೆ ದಡದಲ್ಲಿ ಮಲಗಿದವರಿಗೆ ಚೆನ್ನಾಗಿ ಗೊತ್ತಾಗುತ್ತೆ. ಏರಿ ಮೇಲೆ ಹಸು ಮೇಯಿಸುವ ತಾತ ಒಬ್ಬರು ಮೊನ್ನೆ, "ಮೀಟ್ರು ಪಾಸ್ ಅಂದ್ರೆ ಆಯ್ತೇನಪ್ಪ, ನನ್ನ ಹಸು ಹೆದರ್ಕೊಂತೈತೆ" ಅಂದರು. ಹಾಗಾಗಿ ಎಂಟು ಗಂಟೆಗೆ ಮುಂಚೆ ಎಂಜಿನ್ ಬೋಟ್ ಇಲ್ಲ ಅಂತ ಮಾಡಿಕೊಂಡೆವು. ಅಲ್ಲಿವರೆಗೂ ಬ್ಯಾಟರಿ ಬೋಟ್.

[ಏರಿ ಕೆಳಗೆ ನೆಟ್ಟ ನೀಲಗಿರಿ ಗೂಟ ಕ್ಲೋಸಪ್]

ಮೀಟರ್ ಇಡುವ ಜಾಗಕ್ಕೆ ಗೂಟ ಹೊಡೆದಾಯಿತು. ಡಬ್ಬಕ್ಕೆ ಎರಡು ಕಲ್ಲು ಕಟ್ಟಿ, ಟೇಪ್ ಹಿಡಿದು 10 ಮೀಟರ್‌ಗೆ ಇಳಿಬಿಟ್ಟಿದ್ದೇವೆ. ಬರುವ ಭಾನುವಾರ ಗೆಳೆಯನ ಬೋಟ್ ಮೊದಲು, ಆಮೇಲೆ ನನ್ನದು. ಮೀಟರ್ ಈ ಸಲ ಅವನ ಕೈಯಲ್ಲಿ.