ಅಲೆಕ್ಸ್ ಚೌಕದ ಗುಂಡಿ

ನಮಸ್ಕಾರ. ಕತೆಯಲ್ಲಿ ಓದಿದ ಜಾಗವನ್ನು ಕಣ್ಣಾರೆ ನೋಡೋಣ ಅಂತ ಹೋಗಿ ಪೆಚ್ಚಾಗಿ ನಿಂತದ್ದುಂಟಾ ನೀವು? ನಾನು ನಿಂತಿದ್ದೇನೆ, ಬರ್ಲಿನ್ನಿನ ಅಲೆಕ್ಸಾಂಡರ್‌ಪ್ಲಾಟ್ಸ್‌ನಲ್ಲಿ. ಪ್ಲಾಟ್ಸ್ ಅಂದರೆ ಚೌಕ. ಅಲ್ಲಿಯ ಜನ ಚಿಕ್ಕದಾಗಿ ‘ಅಲೆಕ್ಸ್’ ಅನ್ನುತ್ತಾರೆ. 1805ರಲ್ಲಿ ರಷ್ಯಾದ ದೊರೆ ಅಲೆಕ್ಸಾಂಡರ್ ಬಂದು ಹೋದ ಮೇಲೆ ಈ ಹೆಸರು ಬಿತ್ತು. ಅದಕ್ಕೂ ಮುಂಚೆ ಅದು ದನದ ಸಂತೆ.

1929ರಲ್ಲಿ ಬಂದ ಆಲ್‌ಫ್ರೆಡ್ ಡೋಬ್ಲಿನ್ ಅವರ ಕಾದಂಬರಿಗೆ ಈ ಚೌಕದ್ದೇ ಹೆಸರು, ‘ಬರ್ಲಿನ್ ಅಲೆಕ್ಸಾಂಡರ್‌ಪ್ಲಾಟ್ಸ್’. ಡೋಬ್ಲಿನ್ ಡಾಕ್ಟರು. ಬಡವರೇ ಜಾಸ್ತಿ ಇದ್ದ ಪೂರ್ವ ಬರ್ಲಿನ್ನಿನ ಕಡೆ ರೋಗಿಗಳನ್ನು ನೋಡುತ್ತಿದ್ದರು. ಅವರ ನಾಯಕ ಫ್ರಾನ್ಸ್ ಬೀಬರ್‌ಕೋಫ್ ಮಾತ್ರ ಒಳ್ಳೆಯವನು ಅನ್ನುವ ಹಾಗಿಲ್ಲ. ಜೊತೆಗಿದ್ದ ಹೆಂಗಸನ್ನು ಹೊಡೆದು ಸಾಯಿಸಿ ಟೇಗಲ್ ಜೈಲಿನಲ್ಲಿ ನಾಲ್ಕು ವರ್ಷ ಕಳೆದವನು. ಬಿಡುಗಡೆಯಾದ ದಿನ ಅವನಿಗೆ ಖುಷಿಯಿಲ್ಲ, ಭಯ! ಜೈಲಿನ ಗೋಡೆಗೇ ಬೆನ್ನು ಒತ್ತಿಕೊಂಡು ನಿಂತು ಒಂದರ ಹಿಂದೆ ಒಂದು ಟ್ರಾಮ್ ಬಿಟ್ಟುಬಿಡುತ್ತಾನೆ. ಕೊನೆಗೆ 41ನೇ ನಂಬರಿನದು ಹತ್ತಿ ಊರೊಳಗೆ ಬಂದರೆ, ಮನೆಗಳ ಸೂರೆಲ್ಲ ಜಾರಿ ತನ್ನ ಮೇಲೇ ಬೀಳುತ್ತದೇನೋ ಅನ್ನಿಸುತ್ತದೆ.

ಆ ಹೊತ್ತಿಗೆ ಸುರಂಗ ರೈಲಿಗೆಂದು ಅಲೆಕ್ಸ್ ಚೌಕವನ್ನು ಅಗೆದು ಹಾಕಿದ್ದರು. ಆಶಿಂಗರ್ ಹೋಟೆಲಿನ ಎದುರು ಹಬೆಯಲ್ಲಿ ಓಡುವ ದೈತ್ಯ ಸುತ್ತಿಗೆಯೊಂದು ಕಂಬಗಳನ್ನು ನೆಲಕ್ಕೆ ಜಡಿಯುತ್ತದೆ, ರುಮ್ ರುಮ್ ಅಂತ, ಕೆಲಸವಿಲ್ಲದವರು ಸುಮ್ನೆ ನಿಂತು ನೋಡುತ್ತಾರೆ. ಗುಂಡಿ ಕಂಡರೆ ಬಗ್ಗಿ ನೋಡುವ ಚಟ ಎಲ್ಲ ಊರಲ್ಲೂ ಇದೆ, ಅಲ್ವಾ?

ನನಗೆ ಬೇಕಾಗಿದ್ದದ್ದು ಆ ಚೌಕ. ನೆಲದ ಮೇಲೆ ಅದು ಎಲ್ಲೂ ಇಲ್ಲ. 368 ಮೀಟರ್ ಎತ್ತರದ ಟಿವಿ ಗೋಪುರ 1969ರದ್ದು. ದೇಶದೇಶಗಳ ಹೊತ್ತು ತೋರಿಸುವ ಗಡಿಯಾರವೂ ಅದೇ ವರ್ಷದ್ದು. ಎರಡೂ ಪೂರ್ವ ಜರ್ಮನಿ ಸರ್ಕಾರ ಕಟ್ಟಿಸಿದ್ದು. ಇದು ಹಳೆಯದಿರಬೇಕು ಅಂತ ನಾನು ಆಸೆಯಿಂದ ನೋಡಿದ ಜೋಡಿ ಕಟ್ಟಡಗಳೂ ಕಾದಂಬರಿ ಬಂದ ಮೇಲೆ ಎದ್ದವು. ಉಳಿದದ್ದರಲ್ಲಿ ಬಹಳಷ್ಟನ್ನು ಯುದ್ಧ ನುಂಗಿತು. ಫ್ರಾನ್ಸ್‌ನನ್ನು ನೆನಪಿಸಿದವನು ಒಬ್ಬನೇ: ಸಾಸೇಜ್ ಮಾರುವವನು. ಬೆನ್ನಿಗೆ ಗ್ಯಾಸ್ ಸಿಲಿಂಡರು, ಹೊಟ್ಟೆಯ ಮುಂದೆ ನೇತಾಡುವ ಒಲೆ, ತಲೆ ಮೇಲೆ ಕೊಡೆ. ಇಡೀ ಅಂಗಡಿಯನ್ನೇ ಮೈಮೇಲೆ ಹೊತ್ತು ನಿಂತಿದ್ದ. ಫ್ರಾನ್ಸ್ ಕೂಡ ಬೀದಿಯಲ್ಲಿ ನಿಂತು ಪೇಪರು ಮಾರಿದವನೇ.

ಅಷ್ಟರಲ್ಲಿ ಮಳೆ ಶುರುವಾಯಿತು, ಓಡಿ ರೈಲಿನ ಮೆಟ್ಟಿಲು ಇಳಿದೆ. ಎಂಟನೇ ಲೈನಿನ ಪ್ಲಾಟ್‌ಫಾರಂ. ಗೋಡೆ ತುಂಬ ಹಸಿರೂ ಅಲ್ಲದ ನೀಲಿಯೂ ಅಲ್ಲದ ಟೈಲ್ಸು. ಕೈಯಿಟ್ಟೆ, ತಣ್ಣಗಿತ್ತು. ಈ ಪ್ಲಾಟ್‌ಫಾರಂ ಶುರುವಾದದ್ದು 1930ರಲ್ಲಿ ಅನ್ನುವುದು ಆಗ ನೆನಪಾಯಿತು ನೋಡಿ. ಅಯ್ಯೋ, ನಾನು ನಿಂತಿರುವುದೇ ಆ ಗುಂಡಿಯೊಳಗೆ!

ಅದೇ 1930ರಲ್ಲಿ ಡೋಬ್ಲಿನ್ ಈ ಕತೆಯನ್ನು ರೇಡಿಯೋ ನಾಟಕವಾಗಿಯೂ ಬರೆದರು. ರೆಕಾರ್ಡಿಂಗ್ ಮುಗಿದಿತ್ತು, ಪ್ರಸಾರದ ದಿನವೂ ಗೊತ್ತಾಗಿತ್ತು, ಆದರೆ ಅವತ್ತು ಪ್ರಸಾರ ಆಗಲಿಲ್ಲ. ರೇಡಿಯೋದಲ್ಲಿ ಕೂತು ಇದನ್ನು ಹೇಳುವಾಗ ನನಗೆ ಒಂಥರಾ ಆಗುತ್ತಿದೆ. 1933ರ ಫೆಬ್ರವರಿಯಲ್ಲಿ, ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮಾರನೇ ದಿನ, ಯಹೂದಿಯಾದ ಡೋಬ್ಲಿನ್ ಊರು ಬಿಟ್ಟರು.

ಪ್ಲಾಟ್‌ಫಾರಂನಲ್ಲಿ ನಾನೂ ಗೋಡೆಗೆ ಒರಗಿಕೊಂಡು ಎರಡು ರೈಲು ಬಿಟ್ಟೆ. ಮೂರನೆಯದು ಹತ್ತಿದೆ. ಅದು ನಾನು ಹೋಗಬೇಕಾದ ಕಡೆಯದಲ್ಲ ಅಂತ ನಾಲ್ಕು ಸ್ಟೇಷನ್ ಆದ ಮೇಲೆ ಗೊತ್ತಾಯಿತು.