65 ಟನ್ ಫರ್ಡಿನಾಂಡ್ ಮತ್ತು ಕೊರಿಯರ್ ಬಿಲ್

ಈ ವಿಡಿಯೊದಲ್ಲಿ ಡಬ್ಬ ಬಿಚ್ಚಿದ ಭಾಗವನ್ನು ವೇಗವಾಗಿ ಓಡಿಸಿದ್ದೇನೆ, ಕವರ್ ಹರಿಯುವುದರಲ್ಲಿ ನೋಡುವಂಥದ್ದೇನಿಲ್ಲ. ಇದು ಬಿಡಿಭಾಗ ಅಂಟಿಸಿ ಮಾಡುವ, 1/35 ಅಳತೆಯ ಫರ್ಡಿನಾಂಡ್ ಮಾಡೆಲ್. ಶತ್ರು ಟ್ಯಾಂಕ್‌ಗಳನ್ನು ಹೊಡೆಯೋಕೆ ಅಂತಲೇ ಜರ್ಮನ್ನರು 1943ರಲ್ಲಿ ಇಳಿಸಿದ ಗಾಡಿ. ಮೇಲೆ ತಿರುಗುವ ಗೋಪುರ ಇಲ್ಲ, ಹಿಂದೆ ಒಂದು ಕಬ್ಬಿಣದ ಕೋಣೆ, ಅದರಿಂದ ಹೊರಗೆ ಚಾಚಿದ 88 ಮಿ.ಮೀ. ತೋಪು. ಇಷ್ಟು ಕುರೂಪಿ ಗಾಡಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಬೆಲೆ ಎಷ್ಟು ಅಂತ ಕೇಳೇ ಕೇಳ್ತೀರಿ. ಕಿಟ್‌ಗೆ 4,200 ರೂಪಾಯಿ, ಒಪ್ಪಿಕೊಂಡೆ. ಹೊರದೇಶದಿಂದ ತರಿಸೋಕೆ 1,900, ಅದನ್ನೂ ನುಂಗಿಕೊಂಡೆ. ಆಮೇಲೆ ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತು “ಸರ್, ಡ್ಯೂಟಿ ಕಟ್ಟಬೇಕು” ಅಂದ. ಸರಿ, ಆಮದು ಸುಂಕ ಅಂದರೆ ಸರ್ಕಾರದ ದುಡ್ಡು, ಕಟ್ಟೋಣ. ಬಿಲ್‌ನಲ್ಲಿ ಕೆಳಗೆ ಇನ್ನೊಂದು ಸಾಲು. ನನ್ನ ಪರವಾಗಿ ಡ್ಯೂಟಿ ಕಟ್ಟಿದ್ದಕ್ಕೆ ಕಂಪನಿಯ ಶುಲ್ಕ. ಅದರ ಕೆಳಗೆ, ಆ ಶುಲ್ಕಕ್ಕೆ ಜಿಎಸ್‌ಟಿ! ಇಷ್ಟೆಲ್ಲ ಆದ ಮೇಲೆ ಡಬ್ಬದ ಒಂದು ಮೂಲೆ ನಜ್ಜುಗುಜ್ಜು. ಹುಡುಗನ ಮೇಲೆ ರೇಗಿ ಏನು ಪ್ರಯೋಜನ, ಅವನಿಗೆ ನೀರು ಕೊಟ್ಟು ಕಳಿಸಿದೆ.

ನಮ್ಮಲ್ಲಿ ಸ್ಕೇಲ್ ಮಾಡೆಲ್‌ಗಳೂ ಆಟಿಕೆಗಳ ಗುಂಪಿಗೇ ಸೇರುತ್ತವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟ್‌ಗೆ ಹೋಯಿತು, 2023ರಲ್ಲಿ 70 ಆಯಿತು. ಗೊಂಬೆ ಮಾಡುವವರನ್ನು ಕಾಪಾಡಲಿ, ಬೇಡ ಅನ್ನುವುದಿಲ್ಲ. ಚನ್ನಪಟ್ಟಣದಲ್ಲಿ ಯಾರಾದರೂ ಫರ್ಡಿನಾಂಡ್ ಮಾಡ್ತಾ ಇದ್ದಾರಾ? ಮಾಡಿದರೆ ಮೊದಲ ಗಿರಾಕಿ ನಾನೇ.

ಅಯ್ಯೋ, ಚಕ್ರ ಹಾಕಿ ಮುಗಿದೇ ಹೋಯಿತು. ಒಂದು ಬದಿಗೆ ಆರೇ ಚಕ್ರ, ಆರಾಮ. ಹೆನ್ಶೆಲ್ ಕಂಪನಿಯ ಟೈಗರ್ ಟ್ಯಾಂಕ್‌ನ ಮಾಡೆಲ್ ಮಾಡಿದವರಿಗೆ ಗೊತ್ತು, ಅದರಲ್ಲಿ ಚಕ್ರದೊಳಗೆ ಚಕ್ರ ಸಿಕ್ಕಿಸಿ ಸಿಕ್ಕಿಸಿ ಸಾಕಾಗುತ್ತದೆ.

ಇದೂ ಟೈಗರ್ ಆಗಬೇಕಿದ್ದ ಗಾಡಿಯೇ. ಟೈಗರ್ ಟ್ಯಾಂಕ್‌ಗಾಗಿ ಹೆನ್ಶೆಲ್‌ಗೂ ಫರ್ಡಿನಾಂಡ್ ಪೋರ್ಷೆಗೂ ಪೈಪೋಟಿ ನಡೆದಿತ್ತು. ಹೌದು, ಬೀಟಲ್ ಕಾರಿನ ಪೋರ್ಷೆಯೇ. ಆದೇಶ ಸಿಕ್ಕಿದ್ದು ಹೆನ್ಶೆಲ್‌ಗೆ. ಅಷ್ಟರಲ್ಲಿ ಪೋರ್ಷೆಯ ವಿನ್ಯಾಸದ ಸುಮಾರು 100 ಗಾಡಿಗಳ ಕೆಳಭಾಗದ ಕೆಲಸ ಶುರುವಾಗಿಬಿಟ್ಟಿತ್ತು. ಬಿಸಾಡುವುದು ಹೇಗೆ? ಸುಮಾರು 90ರ ಮೇಲೆ ಕೋಣೆ ಕಟ್ಟಿ, ತೋಪು ಕೂರಿಸಿ, ಪೋರ್ಷೆಯವರದೇ ಹೆಸರಿಟ್ಟರು.

ಈಗ ನೋಡುತ್ತಿರುವ ಜಾಲರಿ ಇದೆಯಲ್ಲ, ಅದರ ಕೆಳಗೆ ಎರಡು ಮೇಬ್ಯಾಕ್ ಪೆಟ್ರೋಲ್ ಇಂಜಿನ್. ಅವು ನೇರವಾಗಿ ಗಾಡಿ ಓಡಿಸುವುದಿಲ್ಲ. ಜನರೇಟರ್ ತಿರುಗಿಸುತ್ತವೆ, ಆ ಕರೆಂಟ್‌ನಿಂದ ಹಿಂದಿರುವ ಮೋಟರ್‌ಗಳು ಓಡುತ್ತವೆ. ನಮ್ಮ ಡೀಸೆಲ್ ರೈಲು ಇಂಜಿನ್ ಇರುವುದೂ ಹೀಗೇ. ಆದರೆ ಇಂಜಿನ್ ಮಧ್ಯದಲ್ಲಿ ಕೂತಿದ್ದರಿಂದ ಆರು ಜನರಲ್ಲಿ ಇಬ್ಬರು ಮುಂದೆ ಬೇರೆ, ನಾಲ್ವರು ಹಿಂದೆ ಬೇರೆ. ಯುದ್ಧದ ನಡುವೆ ಹಿಂದಿನವರಿಗೆ ಏನಾದರೂ ಹೇಳಬೇಕು ಅಂದರೆ ಇಂಟರ್‌ಕಾಮ್ ಒಂದೇ ಗತಿ.

ಮುಂದಿನ ತಗಡು ಅಂಟಿಸುತ್ತಿದ್ದೇನೆ. ಮೂಲದಲ್ಲಿ 100 ಮಿ.ಮೀ. ಉಕ್ಕಿನ ಮೇಲೆ ಇನ್ನೊಂದು 100 ಮಿ.ಮೀ. ಹಲಗೆ ಇಟ್ಟು ಬೋಲ್ಟ್ ಬಿಗಿದಿದ್ದರು. ಆ ಬೋಲ್ಟ್ ತಲೆಗಳ ಮೇಲೆ ಉಪ್ಪುಕಾಗದ ತಾಗಿಸಬೇಡಿ, ಆಮೇಲೆ ಎಷ್ಟು ಅತ್ತರೂ ಬರುವುದಿಲ್ಲ.

ಫರ್ಡಿನಾಂಡ್ ಅಂದ ಕೂಡಲೇ ಎಲ್ಲರೂ ಹೇಳುವ ಮಾತು, ಹತ್ತಿರ ಬಂದ ಕಾಲಾಳುಗಳನ್ನು ತಡೆಯೋಕೆ ಮೆಷಿನ್ ಗನ್ ಇರಲಿಲ್ಲ, ಅದಕ್ಕೇ ರಷ್ಯಾದ ಕುರ್ಸ್ಕ್ ಯುದ್ಧದಲ್ಲಿ ಸತ್ತಿತು ಅಂತ. ನನಗೆ ಇದು ಸುಮ್ನೆ ಬಾಯಿಪಾಠ ಅನ್ನಿಸುತ್ತದೆ. ಗನ್ ಇರಲಿಲ್ಲ, ನಿಜ. ಆದರೆ 1943ರ ಜುಲೈನಲ್ಲಿ, ಅದೇ ಯುದ್ಧದಲ್ಲಿ, ಪೋನಿರಿ ಅನ್ನೋ ಊರಿನ ಹತ್ತಿರ ಬಿಟ್ಟುಹೋಗಿದ್ದ 21 ಗಾಡಿಗಳನ್ನು ಸೋವಿಯತ್ ಸೇನೆಯವರು ಪರೀಕ್ಷೆ ಮಾಡಿದರು. ಹೆಚ್ಚಿನವು ನಿಂತಿದ್ದು ನೆಲಬಾಂಬ್‌ಗೆ, ಇಲ್ಲಾ ಚಕ್ರ, ಟ್ರ್ಯಾಕ್‌ಗೆ ಬಿದ್ದ ಫಿರಂಗಿ ಏಟಿಗೆ. 65 ಟನ್ ಗಾಡಿ ಒಮ್ಮೆ ನಿಂತರೆ, ಗುಂಡಿನ ಮಳೆಯಲ್ಲಿ ಎಳೆದುಕೊಂಡು ಬರುವವರು ಯಾರು? ಮೆಷಿನ್ ಗನ್ ಇದ್ದಿದ್ದರೆ ನೆಲಬಾಂಬ್ ಹೆದರುತ್ತಿತ್ತಾ?

ಆದರೂ ಉಳಿದವನ್ನು ವಾಪಸ್ ಕರೆಸಿ ಗನ್ ಹಾಕಿಸಿದರಲ್ಲ. ಕಮಾಂಡರ್‌ಗೆ ಸುತ್ತ ನೋಡೋಕೆ ಮೇಲೊಂದು ಗುಮ್ಮಟವನ್ನೂ ಕೊಟ್ಟರು. ಹಾಗಾದರೆ ದೂರಿನಲ್ಲಿ ಹುರುಳಿತ್ತು ಅಂತಲೇ ಆಯ್ತು, ಇರಲಿ. ಹೆಸರನ್ನೂ ಎಲೆಫಾಂಟ್ ಅಂತ ಬದಲಾಯಿಸಿ, 1944ರಲ್ಲಿ ಕೆಲವನ್ನು ಇಟಲಿಗೆ ಕಳಿಸಿದರು. ಅಲ್ಲಿ ಅಮೆರಿಕನ್ನರಿಗೆ ಸಿಕ್ಕಿದ್ದು ಒಂದು, ಕುರ್ಸ್ಕ್‌ನಲ್ಲಿ ಸೋವಿಯತ್‌ಗೆ ಸಿಕ್ಕಿದ್ದು ಒಂದು. ಇವತ್ತಿಗೆ ಉಳಿದಿರುವುದು ಆ ಎರಡೇ.

ನಾನು ಮಾಡುತ್ತಿರುವುದು ಕುರ್ಸ್ಕ್‌ನದ್ದು. ಕಾರಣ ಸೋಮಾರಿತನ. ಎಲೆಫಾಂಟ್ ಮೈಗೆ ಜಿಮರಿಟ್ ಅನ್ನೋ ಗಾರೆ ಮೆತ್ತಿದ್ದರು, ಅಯಸ್ಕಾಂತದ ಬಾಂಬ್ ಅಂಟದಿರಲಿ ಅಂತ. ಅದರ ಗೀರುಗಳನ್ನು ಪುಟ್ಟಿಯಲ್ಲಿ ಎಳೆಯುತ್ತಾ ಕೂರೋಕೆ ನನ್ನಿಂದಾಗದು.

ಹಿಂದೆ ಕೇಳಿಸಿದ್ದು ಅಮ್ಮನ ದನಿ. “ಇಷ್ಟು ದುಡ್ಡು ಕೊಟ್ಟಿದ್ದೀಯಲ್ಲ, ಓಡುತ್ತೇನೋ?” ಇಲ್ಲ ಅಮ್ಮ, ಟ್ರ್ಯಾಕ್ ಅಂಟಿಸಿ ಆಯ್ತು, ಇನ್ನು ಚಕ್ರವೂ ತಿರುಗಲ್ಲ.

ಡಾರ್ಕ್ ಯೆಲ್ಲೋ ಹೊಡೆದು, ಮೇಲೆ ಹಸಿರು ತೇಪೆ. ಬಣ್ಣ ಬಿದ್ದ ಮೇಲೆ ಕುರೂಪಿ ಅನ್ನೋಕೆ ಮನಸ್ಸು ಬರುತ್ತಿಲ್ಲ, ಗತ್ತಾಗಿದೆ. ಮುಂದಿನ ಸಲ ಯಾಗ್ಡ್‌ಟೈಗರ್ ಅನ್ನೋ ಇನ್ನೊಂದು ಜರ್ಮನ್ ಗಾಡಿ ಮಾಡಿ ಅಂತ ಕೇಳಿದ್ದೀರಿ. 128 ಮಿ.ಮೀ. ತೋಪು, 70 ಟನ್‌ಗೂ ಜಾಸ್ತಿ ತೂಕ, ಅದಕ್ಕೆ ಪ್ಯಾಂಥರ್ ಟ್ಯಾಂಕ್‌ನದೇ 700 ಅಶ್ವಶಕ್ತಿಯ ಇಂಜಿನ್. ಅಂಥ ಮೂರ್ಖ ಗಾಡಿಗೆ ದುಡ್ಡು ಸುರಿಯಲ್ಲ. ಡ್ಯೂಟಿ ಎಷ್ಟಾಗಬಹುದು ಅಂತ ಮಾತ್ರ ನೋಡಿಟ್ಟಿದ್ದೇನೆ. ನಂಬರಿನ ಡೆಕಾಲ್, ಅಂದರೆ ಅಂಟಿಸುವ ಚಿತ್ರ, ನೀರಲ್ಲಿ ಕಾಗದದಿಂದ ಬಿಟ್ಟುಕೊಂಡು ತೇಲುತ್ತಿದೆ, ಕ್ಯಾಮೆರಾ ಆಫ್ ಮಾಡ್ತೇನೆ, ಎರಡೂ ಕೈ ಬೇಕು.