ರೂಟ್ 66ರ ನೀಲಿ ಹಕ್ಕಿ: ಹೆದ್ದಾರಿ ದೂರ ಸರಿದರೂ ಬ್ಲೂ ಸ್ವಾಲೋ ಮೋಟೆಲ್ ಉಳಿದದ್ದು ಹೇಗೆ?

[ಪರದೆಯಲ್ಲಿ: ಸಂಜೆಗತ್ತಲು, ಖಾಲಿ ರಸ್ತೆ, ನೀಲಿ ಬೆಳಕಿನ ಹಕ್ಕಿಯ ಬೋರ್ಡು]

ನಮಸ್ಕಾರ. ಇವತ್ತು ಒಂದೇ ಒಂದು ಪ್ರಶ್ನೆ ಹಿಡಿದು ಹೊರಟಿದ್ದೇನೆ.

ಒಂದು ಹೆದ್ದಾರಿ. ಅದರ ಪಕ್ಕ ಒಂದು ಸಣ್ಣ ಲಾಡ್ಜ್. ಮುಂದೆ ಹಾದುಹೋಗುವ ಕಾರುಗಳೇ ಅದರ ಅನ್ನ. ಒಂದು ದಿನ ಸರ್ಕಾರ ಊರಾಚೆ ಹೊಸ ಹೆದ್ದಾರಿ ಹಾಕುತ್ತದೆ. ಕಾರುಗಳೆಲ್ಲ ಆ ಕಡೆಯೇ ಹೋಗಿಬಿಡುತ್ತವೆ. ಆಮೇಲೆ ಲಾಡ್ಜ್ ಬಾಗಿಲು ಹಾಕಬೇಕು, ಅಲ್ವಾ? ಆ ಸಾಲಿನಲ್ಲಿದ್ದ ಎಷ್ಟೋ ಲಾಡ್ಜ್‌ಗಳು ಹಾಗೇ ಮುಚ್ಚಿಹೋದವು. ಆದರೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಟುಕಮ್‌ಕೇರಿ ಎಂಬ ಪುಟ್ಟ ಊರಿನಲ್ಲಿ ಒಂದು ಉಳಿದುಕೊಂಡಿತು. ಹೆಸರು ಬ್ಲೂ ಸ್ವಾಲೋ ಮೋಟೆಲ್. ಇರುವುದು ಬರೀ 12 ಕೋಣೆ. ಹೊಸ ಹೆದ್ದಾರಿ ಬಂದು ನಲವತ್ತು ವರ್ಷದ ಮೇಲಾಯಿತು. ಜನ ಇವತ್ತಿಗೂ ಆ ಹೆದ್ದಾರಿಯಿಂದ ಇಳಿದು, ಹಳೇ ರಸ್ತೆ ಹುಡುಕಿಕೊಂಡು, ಅಲ್ಲೇ ಮಲಗಬೇಕು ಅಂತ ಬರುತ್ತಾರೆ.

ಅದು ಹೇಗೆ ಸಾಧ್ಯವಾಯಿತು? ನನ್ನ ತಲೆ ಕೊರೆದದ್ದು ಈ ಪ್ರಶ್ನೆಯೇ.

[ಪರದೆಯಲ್ಲಿ: ಅಮೆರಿಕದ ನಕ್ಷೆ, ಷಿಕಾಗೋದಿಂದ ಸ್ಯಾಂಟಾ ಮೋನಿಕಾಗೆ ಕೆಂಪು ಗೆರೆ]

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಆ ಹಳೇ ಹೆದ್ದಾರಿಯೇ ರೂಟ್ 66. ಶುರುವಾಗಿದ್ದು 1926ರಲ್ಲಿ. ಷಿಕಾಗೋದಿಂದ ಹೊರಟು ಪಶ್ಚಿಮದ ಕಡಲತೀರದವರೆಗೆ, ಸುಮಾರು 3,900 ಕಿಲೋಮೀಟರ್. ಪೂರ್ತಿ ಡಾಂಬರು, ಕಾಂಕ್ರೀಟ್ ಕಂಡಿದ್ದು 1938ರ ಹೊತ್ತಿಗೆ. ಮೊದಮೊದಲು ಕಾರಿನಲ್ಲಿ ಹೊರಟವರು ದಾರಿ ಪಕ್ಕದ ಬಯಲಿನಲ್ಲಿ ಟೆಂಟ್ ಹಾಕಿ ಮಲಗುತ್ತಿದ್ದರು. ಆಮೇಲೆ ಯಾರೋ ಅಲ್ಲಿ ಮರದ ಗುಡಿಸಲು ಕಟ್ಟಿ ಬಾಡಿಗೆಗೆ ಕೊಟ್ಟರು. ಗುಡಿಸಲುಗಳು ಒಂದಕ್ಕೊಂದು ಅಂಟಿಕೊಂಡು ಸಾಲು ಕೋಣೆಗಳಾದವು. ಮೋಟೆಲ್ ಹುಟ್ಟಿದ್ದು ಹೀಗೆ. ಕಾರನ್ನು ನಿಮ್ಮ ಕೋಣೆಯ ಬಾಗಿಲಿಗೇ ತಂದು ನಿಲ್ಲಿಸಬಹುದು. ದೊಡ್ಡ ಹೋಟೆಲ್‌ಗಳ ಹಾಗೆ ಸೂಟು ಬೂಟು ಹಾಕಿ ಒಳಗೆ ಹೋಗಬೇಕಿಲ್ಲ. ದಾರಿಯ ಧೂಳಿನ ಬಟ್ಟೆಯಲ್ಲೇ ಹೋಗಿ ಮಲಗಬಹುದು.

ಟುಕಮ್‌ಕೇರಿಯೇ ಯಾಕೆ? ನಕ್ಷೆ ನೋಡಿ. ಪೂರ್ವಕ್ಕೆ ಅಮರಿಲೋ, ಸುಮಾರು 180 ಕಿಲೋಮೀಟರ್. ಪಶ್ಚಿಮಕ್ಕೆ ಆಲ್ಬುಕರ್ಕಿ, ಸುಮಾರು 280 ಕಿಲೋಮೀಟರ್. ಮಧ್ಯೆ ಬರೀ ಬಯಲು. ಹಗಲೆಲ್ಲ ಕಾರು ಓಡಿಸಿದವರಿಗೆ ಕತ್ತಲಾಗುವ ಹೊತ್ತಿಗೆ ಸಿಗುವ ಊರು ಇದು. ಊರಿನವರಿಗೆ ಅದು ಚೆನ್ನಾಗಿ ಗೊತ್ತಿತ್ತು. ನೂರಾರು ಮೈಲಿ ಹಿಂದಿನಿಂದಲೇ ದಾರಿಯುದ್ದಕ್ಕೂ ಜಾಹೀರಾತು ಫಲಕ ನೆಟ್ಟರು. ಅದರ ಮೇಲೆ 'ಟುಕಮ್‌ಕೇರಿ ಟುನೈಟ್! 2000 ಮೋಟೆಲ್ ಕೋಣೆಗಳು' ಅಂತ ಬರೆಸಿದರು. ಹಿಂದಿನ ಸೀಟಿನಲ್ಲಿ ಕೂತು ಬೇಸತ್ತ ಮಕ್ಕಳಿಗೆ ಆ ಫಲಕ ಕಂಡಾಗ ಎಷ್ಟು ಖುಷಿಯಾಗಿರಬೇಡ!

ಆ ಊರಿನಲ್ಲಿ ಡಬ್ಲ್ಯೂ. ಎ. ಹಗಿನ್ಸ್ ಎಂಬ ಬಡಗಿ 1939ರಲ್ಲಿ ಈ ಮೋಟೆಲ್ ಕಟ್ಟಲು ಶುರು ಮಾಡಿದ. ಇಂಗ್ಲಿಷಿನ 'ಎಲ್' ಅಕ್ಷರದ ಆಕಾರ. ಗುಲಾಬಿ ಬಣ್ಣದ ಗಾರೆ ಗೋಡೆ, ಅದರ ಮೇಲೆ ಕಪ್ಪೆಚಿಪ್ಪಿನ ಅಲಂಕಾರ, ಮೆಟ್ಟಿಲು ಮೆಟ್ಟಿಲಾಗಿ ಏರುವ ಚಾವಣಿ ಅಂಚು. ಇದೆಲ್ಲ ನೋಡಲು ಚೆಂದ. ಆದರೆ ಹಗಿನ್ಸ್ ಮಾಡಿದ ಜಾಣತನದ ಕೆಲಸ ಬೇರೆ ಇದೆ. ಕೋಣೆಗಳ ಮಧ್ಯೆ ಮಧ್ಯೆ ಕಾರಿಗೂ ಕೋಣೆ ಕಟ್ಟಿದ. ನಿಮ್ಮ ಕೋಣೆಯ ಪಕ್ಕದಲ್ಲೇ ನಿಮ್ಮದೇ ಗ್ಯಾರೇಜ್. ಆ ಕಾಲದಲ್ಲಿ ಕೆಲಸ ಹುಡುಕಿ ಪಶ್ಚಿಮಕ್ಕೆ ಹೊರಟ ಎಷ್ಟೋ ಕುಟುಂಬಗಳ ಸಂಸಾರವೇ ಕಾರಿನಲ್ಲಿರುತ್ತಿತ್ತು. ಪಾತ್ರೆ, ಹಾಸಿಗೆ, ಬಟ್ಟೆ, ಎಲ್ಲ. ಅದನ್ನು ಬಯಲಲ್ಲಿ ಬಿಟ್ಟು ನಿದ್ದೆ ಮಾಡುವುದು ಹೇಗೆ? ಗ್ಯಾರೇಜ್‌ಗಳು ಅಂದಿನ ಕಾರಿನ ಅಳತೆಯವು. ಇವತ್ತಿನ ದೊಡ್ಡ ಪಿಕಪ್ ಗಾಡಿಗಳಿಗೆ ಇಕ್ಕಟ್ಟು. ಒಳಗಿನ ಗೋಡೆಗಳ ಮೇಲೆ ಈಗ ಚಿತ್ರ ಬರೆಸಿದ್ದಾರೆ.

[ಪರದೆಯಲ್ಲಿ: ಬೋರ್ಡಿನ ಹತ್ತಿರದ ನೋಟ, ಕೊಳವೆಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ]

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರೋಣ. ಈ ಬೋರ್ಡು.

ಸ್ವಾಲೋ ಅಂದರೆ ಬಾಲ ಕವಲೊಡೆದ ಪುಟ್ಟ ಹಕ್ಕಿ. ನೀಲಿ ಬೆಳಕಿನಲ್ಲಿ ಹಾರುವ ಆ ಹಕ್ಕಿಯ ಬೋರ್ಡು ಬಂದಿದ್ದು 1960ರಲ್ಲಿ. ಅದರ ಕೆಲಸ ಎಷ್ಟು ಕಷ್ಟದ್ದು ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಬೋರ್ಡು 300 ಮೀಟರ್ ದೂರದಿಂದ ಕಂಡರೆ, ಓದಿ ತೀರ್ಮಾನ ಮಾಡಿ ಬ್ರೇಕ್ ಹಾಕಲು ಚಾಲಕನಿಗೆ ಸಿಗುವುದು ಹತ್ತು ಹನ್ನೊಂದು ಸೆಕೆಂಡ್. ಊರೊಳಗೆ ನಿಧಾನವಾಗಿ ಬಂದರೆ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಹೆಸರು, ಕೋಣೆ ಖಾಲಿ ಇದೆಯೋ ಇಲ್ಲವೋ, ಟಿವಿ ಇದೆಯೋ, ತಂಪಾಗಿದೆಯೋ, ಎಲ್ಲವನ್ನೂ ಹೇಳಬೇಕು. ಅದೂ ಅಕ್ಕಪಕ್ಕ ಇನ್ನೂ ಹತ್ತಾರು ಬೋರ್ಡು ಹೊಳೆಯುತ್ತಿರುವಾಗ.

ಅದಕ್ಕೇ ನಿಯಾನ್. ಇದರ ಕಥೆಯಲ್ಲಿ ಒಂದು ಸೊಗಸಿದೆ. ನಿಯಾನ್ ಅನಿಲವನ್ನು 1898ರಲ್ಲಿ ಲಂಡನ್‌ನಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಪತ್ತೆ ಹಚ್ಚಿದರು. ಅದನ್ನು ಗಾಜಿನ ಕೊಳವೆಯಲ್ಲಿ ತುಂಬಿ ದೀಪ ಮಾಡಿ 1910ರಲ್ಲಿ ಜನರ ಮುಂದಿಟ್ಟವನು ಫ್ರಾನ್ಸಿನ ಜಾರ್ಜ್ ಕ್ಲೋಡ್. ಎಲ್ಲಿ ಗೊತ್ತಾ? ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ. ಕಾರಿಗೂ ನಿಯಾನ್‌ಗೂ ನಂಟು ಮೊದಲ ದಿನದಿಂದಲೇ ಇತ್ತು.

ಕೊಳವೆಯೊಳಗಿನ ಗಾಳಿ ತೆಗೆದು, ಅನಿಲ ಸ್ವಲ್ಪವೇ ಸ್ವಲ್ಪ ತುಂಬಿ, ಎರಡು ತುದಿಗೆ ಸಾವಿರಾರು ವೋಲ್ಟ್ ಕೊಡುತ್ತಾರೆ. ಅನಿಲ ಹೊಳೆಯುತ್ತದೆ. ಆದರೆ ನಿಯಾನ್ ಹೊಳೆಯುವುದು ಒಂದೇ ಬಣ್ಣದಲ್ಲಿ. ಕೆಂಪು ಬೆರೆತ ಕಿತ್ತಳೆ. ನೀಲಿ ಬೇಕೆಂದರೆ ನಿಯಾನ್ ಕೈಯಲ್ಲಿ ಆಗುವುದಿಲ್ಲ! ಅದಕ್ಕೆ ಆರ್ಗಾನ್ ಅನಿಲ ತುಂಬಿ, ಜೊತೆಗೆ ಒಂದು ಹನಿ ಪಾದರಸ ಹಾಕಬೇಕು. ಅಂದರೆ ಈ ಪ್ರಸಿದ್ಧ ನಿಯಾನ್ ಹಕ್ಕಿಯ ನೀಲಿ ಮೈಯಲ್ಲಿ ಬೆಳಗುತ್ತಿರುವುದು ಆರ್ಗಾನ್ ಮತ್ತು ಪಾದರಸ.

ಇನ್ನೂ ಇದೆ ಕೇಳಿ. ಪಾದರಸ ಆವಿಯಾಗಲು ಸ್ವಲ್ಪ ಬಿಸಿ ಬೇಕು. ಹೀಗಾಗಿ ಆರ್ಗಾನ್ ಮತ್ತು ಪಾದರಸದ ಕೊಳವೆಗಳು ಕಡು ಚಳಿಯಲ್ಲಿ ಮಂಕಾಗುತ್ತವೆ. ಕೆಂಪು ನಿಯಾನ್‌ಗೆ ಚಳಿ ಏನೂ ಮಾಡುವುದಿಲ್ಲ. ಟುಕಮ್‌ಕೇರಿ ಇರುವುದು ಸಮುದ್ರಮಟ್ಟದಿಂದ 1,200 ಮೀಟರ್‌ಗೂ ಎತ್ತರದಲ್ಲಿ. ಚಳಿಗಾಲದ ರಾತ್ರಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಅಂಥ ಊರಿನಲ್ಲಿ ನೀಲಿ ಬಣ್ಣ ಆರಿಸಿಕೊಂಡರಲ್ಲ, ನನಗೆ ಅದೇ ಖುಷಿ. ಕೆಂಪು ಸುಲಭವಾಗಿತ್ತು. ನೀಲಿ ನೆನಪಿನಲ್ಲಿ ಉಳಿಯುತ್ತದೆ.

ಇಂಥ ಕೊಳವೆಯನ್ನು ಯಂತ್ರಕ್ಕೆ ಕೊಟ್ಟು ರಾಶಿಗಟ್ಟಲೆ ತೆಗೆಯಲು ಆಗುವುದಿಲ್ಲ. ಕಸುಬು ಬಲ್ಲವರು ಗಾಜನ್ನು ಬೆಂಕಿಯಲ್ಲಿ ಮೆತ್ತಗೆ ಮಾಡಿ ಕೈಯಲ್ಲೇ ಬಗ್ಗಿಸುತ್ತಾರೆ. ಬಗ್ಗಿಸುವಾಗ ಕೊಳವೆ ಒಳಕ್ಕೆ ಕುಸಿಯದಿರಲಿ ಅಂತ ಒಂದು ರಬ್ಬರ್ ನಳಿಕೆಯಿಂದ ಬಾಯಲ್ಲಿ ಊದುತ್ತಲೇ ಇರುತ್ತಾರೆ. ಹಕ್ಕಿಯ ರೆಕ್ಕೆಯ ಒಂದೊಂದು ಬಾಗೂ ಒಬ್ಬರ ಕೈ ಮತ್ತು ಉಸಿರಿನ ಕೆಲಸ. ಎಲ್‌ಇಡಿ ಬಂದ ಮೇಲೆ ಈ ಕಸುಬು ಬಲ್ಲವರು ಕಡಿಮೆಯಾಗಿದ್ದಾರೆ. ಬ್ಲೂ ಸ್ವಾಲೋದ ನಿಯಾನ್ ದುರಸ್ತಿಗೆ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ರೂಟ್ 66 ಸಂರಕ್ಷಣಾ ಯೋಜನೆ ಹಣ ಸಹಾಯ ಮಾಡಿದೆ. ಬೋರ್ಡಿಗೆ ಸರ್ಕಾರದ ದುಡ್ಡು ಯಾಕೆ ಅಂತ ಕೇಳುವವರು ಇರಬಹುದು. ನನ್ನ ಪ್ರಕಾರ ಹಳೇ ಗುಡಿಯ ಕೆತ್ತನೆಗೆ ಕೊಡುವಷ್ಟೇ ಗೌರವ ಇದಕ್ಕೂ ಸಲ್ಲಬೇಕು.

ಬೋರ್ಡಿನಲ್ಲಿ ಇನ್ನೊಂದು ಸಾಲಿದೆ. '100% ರೆಫ್ರಿಜರೇಟೆಡ್ ಏರ್'. ಏನಿದು? ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ನೀರು ತುಂಬಿಸಿ ಓಡಿಸುವ ಕೂಲರ್ ನೋಡಿದ್ದೀರಲ್ಲ? ಅಮೆರಿಕದ ಒಣ ಪ್ರದೇಶದಲ್ಲೂ ಅಂಥದ್ದೇ ಕೂಲರ್‌ಗಳಿದ್ದವು. ಮಳೆಯ ತಿಂಗಳಲ್ಲಿ ಗಾಳಿಯಲ್ಲೇ ತೇವ ಜಾಸ್ತಿಯಾದರೆ ಅವು ಕೈಕೊಡುತ್ತವೆ. ಹಾಸಿಗೆಯೆಲ್ಲ ಜಿಗುಟು. ನಮ್ಮಲ್ಲಿರುವುದು ಕೂಲರ್ ಅಲ್ಲ, ಅಪ್ಪಟ ಎಸಿ ಅಂತ ಸಾರುವ ಸಾಲು ಅದು.

[ಪರದೆಯಲ್ಲಿ: ಮೋಟೆಲ್ ಕಚೇರಿಯ ಬಾಗಿಲು]

ಈಗ ಈ ಕಥೆಯ ಜೀವ. ಲಿಲಿಯನ್ ರೆಡ್‌ಮನ್.

1958ರಲ್ಲಿ ಫ್ಲಾಯ್ಡ್ ರೆಡ್‌ಮನ್ ತಾನು ಮದುವೆಯಾಗಲಿರುವ ಲಿಲಿಯನ್‌ಗೆ ನಿಶ್ಚಿತಾರ್ಥದ ಉಡುಗೊರೆ ಕೊಟ್ಟ. ಏನು ಗೊತ್ತಾ? ಈ ಮೋಟೆಲ್ಲನ್ನೇ! ಲಿಲಿಯನ್‌ಗೆ ಅತಿಥಿಗಳನ್ನು ನೋಡಿಕೊಳ್ಳುವುದು ಹೊಸದಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಮನೆಯವರ ಜೊತೆ ಕಮಾನುಗಾಡಿಯಲ್ಲಿ ನ್ಯೂ ಮೆಕ್ಸಿಕೊಗೆ ಬಂದವರು ಅವರು. ಮುಂದೆ ಹಾರ್ವಿ ಗರ್ಲ್ ಆಗಿ ಕೆಲಸ ಮಾಡಿದರು. ಅಂದರೆ ರೈಲು ದಾರಿಯುದ್ದಕ್ಕೂ ಹೆಸರು ಮಾಡಿದ್ದ ಫ್ರೆಡ್ ಹಾರ್ವಿ ಊಟದ ಮನೆಗಳಲ್ಲಿ ಬಡಿಸುವ ಕೆಲಸ. ಎತ್ತು ಕುದುರೆ ಎಳೆಯುವ ಗಾಡಿ, ರೈಲು, ಆಮೇಲೆ ಕಾರು. ಅಮೆರಿಕದ ಪ್ರಯಾಣದ ಇತಿಹಾಸವೇ ಒಬ್ಬರ ಬದುಕಿನಲ್ಲಿ ಹಾದುಹೋಗಿದೆ.

ಸುಮಾರು ನಲವತ್ತು ವರ್ಷ ಅವರು ಮೋಟೆಲ್ ನಡೆಸಿದರು. ಕೈಯಲ್ಲಿ ಕಾಸಿಲ್ಲದೆ ಬಂದವರಿಗೂ ಕೋಣೆ ಕೊಟ್ಟರು. ಬಾಡಿಗೆ ಬದಲು ಏನಾದರೂ ಸಾಮಾನು ಕೊಟ್ಟರೆ ಇಟ್ಟುಕೊಂಡರು. ಅದೂ ಇಲ್ಲದಿದ್ದರೆ ಸುಮ್ನೆ ಮಲಗಲು ಬಿಟ್ಟರು. ದಾರಿಹೋಕರಿಗೆ ಒಳ್ಳೆಯದಾಗಲಿ ಅಂತ ಹಾರೈಸುವ ಒಂದು ಚೀಟಿಯನ್ನು ಬಂದವರ ಕೈಗಿಡುತ್ತಿದ್ದರು. ಫ್ಲಾಯ್ಡ್ ತೀರಿಕೊಂಡ ಮೇಲೂ ಒಬ್ಬರೇ ನಡೆಸಿದರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ರೂಟ್ 66ರ ಸೊಬಗು ಎಲ್ಲರಿಗೂ ಸಿಗುತ್ತಿರಲಿಲ್ಲ. ಕಪ್ಪು ಜನರಿಗೆ ಈ ದಾರಿಯ ಎಷ್ಟೋ ಮೋಟೆಲ್‌ಗಳು ಕೋಣೆಯನ್ನೇ ಕೊಡುತ್ತಿರಲಿಲ್ಲ. ಯಾವ ಊರಿನಲ್ಲಿ ಮಲಗಬಹುದು, ಎಲ್ಲಿ ಊಟ ಸಿಗುತ್ತದೆ ಅಂತ ತಿಳಿಸಲು ನ್ಯೂಯಾರ್ಕಿನ ವಿಕ್ಟರ್ ಗ್ರೀನ್ ಎಂಬ ಅಂಚೆ ನೌಕರ 1936ರಿಂದ ಒಂದು ಕೈಪಿಡಿಯನ್ನೇ ಅಚ್ಚು ಹಾಕಿಸಬೇಕಾಯಿತು. ಆ ಕಾಲ ಎಷ್ಟು ಚೆಂದವಿತ್ತು ಅನ್ನುವಾಗ ಇದೂ ನೆನಪಿರಬೇಕು.

[ಪರದೆಯಲ್ಲಿ: ಹೊಸ ಹೆದ್ದಾರಿಯ ನೋಟ]

ಸರಿ, ಪೆಟ್ಟು ಬಿದ್ದಿದ್ದು ಯಾವಾಗ? 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾಯಿದೆ ಬಂತು. ರೂಟ್ 66ರ ಜಾಗಕ್ಕೆ ನ್ಯೂ ಮೆಕ್ಸಿಕೊದಲ್ಲಿ ಐ-40 ಬರಬೇಕಿತ್ತು. ಊರಿನವರು ಬೈಪಾಸ್ ಬೇಡ ಅಂತ ಗಟ್ಟಿಯಾಗಿ ನಿಂತರು. 1963ರಲ್ಲಿ ರಾಜ್ಯದ ಶಾಸನಸಭೆ ಬೈಪಾಸ್ ತಡೆಯುವ ಕಾನೂನನ್ನೇ ಮಾಡಿತು. ಕೇಂದ್ರದ ಹೆದ್ದಾರಿ ಹಣ ನಿಲ್ಲುವ ಭಯ ಬಂದು ಆ ಕಾನೂನು ಬಾಳಲಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಟೆಕ್ಸಸ್ ಗಡಿಯಿಂದ ಟುಕಮ್‌ಕೇರಿವರೆಗಿನ ಕಿರಿದಾದ ಹಳೇ ರಸ್ತೆಯಲ್ಲಿ ಅಪಘಾತ ಎಷ್ಟಾಗುತ್ತಿತ್ತೆಂದರೆ, 1960ರ ದಶಕದ ಕೊನೆಯಲ್ಲಿ ಜನ ಅದನ್ನು ಕಸಾಯಿ ರಸ್ತೆ ಅಂತಲೇ ಕರೆಯುತ್ತಿದ್ದರು. ಹೊಸ ರಸ್ತೆ ಬೇಕೇ ಬೇಕಿತ್ತು. ಬೆಲೆ ತೆತ್ತಿದ್ದು ಮಾತ್ರ ರಸ್ತೆಬದಿಯ ಸಣ್ಣ ವ್ಯಾಪಾರಿಗಳು.

1980ರ ದಶಕದ ಆರಂಭದಲ್ಲಿ ಐ-40 ಊರನ್ನು ಬಳಸಿ ಹೋಯಿತು. ಹೆದ್ದಾರಿಯಿಂದ ಇಳಿಯುವ ಕಡೆಗಳಲ್ಲಿ ದೊಡ್ಡ ಕಂಪನಿಗಳ ಹೋಟೆಲ್‌ಗಳು ಎದ್ದವು. ಯಾವ ಊರಿಗೆ ಹೋದರೂ ಅದೇ ಕೋಣೆ, ಅದೇ ಹಾಸಿಗೆ. 1985ರ ಜೂನ್ 27ರಂದು ರೂಟ್ 66 ಅಧಿಕೃತ ಹೆದ್ದಾರಿಗಳ ಪಟ್ಟಿಯಿಂದಲೇ ಹೊರಬಿತ್ತು.

ಹಾಗಾದರೆ ಬ್ಲೂ ಸ್ವಾಲೋ ಉಳಿದಿದ್ದು ಯಾಕೆ? ನನ್ನ ಉತ್ತರ ಹೀಗಿದೆ. 12 ಕೋಣೆಯ ಜಾಗವನ್ನು ಒಬ್ಬ ಹೆಂಗಸು ನಿಂತು ನೋಡಿಕೊಳ್ಳಬಹುದಿತ್ತು. ನೂರು ಕೋಣೆಯದ್ದಾಗಿದ್ದರೆ ಖಾಲಿ ಬಿದ್ದ ಮೊದಲ ವರ್ಷಗಳಲ್ಲೇ ಮುಳುಗುತ್ತಿತ್ತು. ಲಿಲಿಯನ್ ಕಂಪನಿ ಹೋಟೆಲ್‌ಗಳ ಜೊತೆ ಪೈಪೋಟಿಗೆ ಇಳಿದು ಕಟ್ಟಡ ಒಡೆಯಲಿಲ್ಲ, ಬೋರ್ಡು ಇಳಿಸಲಿಲ್ಲ, ಗ್ಯಾರೇಜ್ ಮುಚ್ಚಿ ಕೋಣೆ ಮಾಡಲಿಲ್ಲ. ಬೇರೆ ಕಡೆ ಎಲ್ಲ ಹೊಸದಾಗುತ್ತಾ ಹೋದ ಹಾಗೆ ಹಳೆಯದಾಗಿಯೇ ಉಳಿದದ್ದು ಅಪರೂಪದ್ದಾಯಿತು. ಅಷ್ಟರಲ್ಲಿ ಜನರಿಗೂ ಹಳೇ ರಸ್ತೆ ಬೇಕೆನಿಸಿತು. 1987ರಲ್ಲಿ ಅರಿಜೋನಾದ ಸೆಲಿಗ್‌ಮನ್ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಯೋ ಮತ್ತು ಗೆಳೆಯರು ರಸ್ತೆ ಉಳಿಸುವ ಸಂಘ ಕಟ್ಟಿದರು. ಆ ಹವಾ ಬೇರೆ ರಾಜ್ಯಗಳಿಗೂ ಹರಡಿತು. ಮೊದಲೆಲ್ಲ ದಾರಿ ಸವೆಸಲು ಬರುತ್ತಿದ್ದರು, ಈಗ ದಾರಿಯನ್ನೇ ನೋಡಲು ಬಂದರು.

ವಿಡಿಯೋ ಉದ್ದವಾಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. 1993ರಲ್ಲಿ ಮೋಟೆಲ್ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿ ಸೇರಿತು. 1998ರಲ್ಲಿ ಲಿಲಿಯನ್ ಅದನ್ನು ಮಾರಿದರು, ಮರುವರ್ಷ ತೀರಿಕೊಂಡರು. ಆಮೇಲೆ ಮಾಲೀಕರು ಬದಲಾದರೂ ರೀತಿ ಬದಲಾಗಲಿಲ್ಲ. ಕೋಣೆಗಳಲ್ಲಿ ಡಯಲ್ ತಿರುಗಿಸುವ ಹಳೇ ಫೋನ್‌ಗಳಿವೆ. 2026ಕ್ಕೆ ರೂಟ್ 66ಕ್ಕೆ ನೂರು ತುಂಬುತ್ತದೆ. ಹೋಗುವ ಯೋಚನೆಯಿದ್ದರೆ ಮೊದಲೇ ಬುಕ್ ಮಾಡಿ, ಕೋಣೆ 12 ಮಾತ್ರ. ಬೋರ್ಡು ಹೊತ್ತಿಕೊಳ್ಳುವ ಹೊತ್ತಿಗೆ, ಅಂದರೆ ಸೂರ್ಯ ಮುಳುಗುವ ಮೊದಲೇ ಊರು ಸೇರಿಕೊಳ್ಳಿ.

ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಅರಿಜೋನಾದ ಹೋಲ್‌ಬ್ರೂಕ್‌ನಲ್ಲಿ ವಿಗ್‌ವಾಮ್ ಮೋಟೆಲ್ ಇದೆ. ಒಂದೊಂದು ಕೋಣೆಯೂ ಕಾಂಕ್ರೀಟಿನ ದೊಡ್ಡ ಶಂಕುವಿನಾಕಾರದ ಡೇರೆ. 1950ರಲ್ಲಿ ಅದನ್ನು ಕಟ್ಟಿದ ಚೆಸ್ಟರ್ ಲೂಯಿಸ್, ವಿನ್ಯಾಸ ಕೊಟ್ಟ ಫ್ರಾಂಕ್ ರೆಡ್‌ಫರ್ಡ್‌ಗೆ ಹಣ ಸಲ್ಲಿಸಿದ ರೀತಿ ಮಜವಾಗಿದೆ. ಕೋಣೆಗಳಲ್ಲಿ ಹತ್ತು ಸೆಂಟ್ ನಾಣ್ಯ ಹಾಕಿದರೆ ಅರ್ಧ ಗಂಟೆ ಹಾಡುವ ರೇಡಿಯೋ ಇಟ್ಟರು. ಆ ನಾಣ್ಯಗಳೆಲ್ಲ ರೆಡ್‌ಫರ್ಡ್‌ಗೆ! ಮುಂದಿನ ವಿಡಿಯೋದಲ್ಲಿ ಆ ಡೇರೆಗಳ ಒಳಗೆ ಹೋಗೋಣ.